ಅತ್ತಿ ಅಡಿಕೆ ಇಟ್ಟ ಪ್ಲೇಟು

ಅಂಚೆ ಕಚೇರಿಯಲ್ಲಿ ಪಾರ್ಸಲ್ಲಿಗೆ ಮುದ್ರೆ ಒತ್ತಲು ಅರಗು ಕಾಯಿಸುವಾಗ ಏಳುವ ವಾಸನೆ ನಿಮಗೂ ನೆನಪಿರಬಹುದು. ಆ ವಾಸನೆ ಬಂದರೆ ಸಾಕು, ಹಳಿಯಾಳದ ನಮ್ಮ ಮನೆಯ ಪಡಸಾಲೆ, ಅಲ್ಲಿ ಹಾಸಿದ ಜಮಖಾನೆ, ಅದರ ನಡುವೆ ಕೂತ ಫೋನೋ, ಅಂದರೆ ಗ್ರಾಮಫೋನು, ನನ್ನ ಕಣ್ಮುಂದೆ ಬರುತ್ತವೆ. ಆಗಿನ ಹಾಡಿನ ಪ್ಲೇಟುಗಳನ್ನೂ ಅರಗಿನಿಂದಲೇ ಮಾಡುತ್ತಿದ್ದರು. ಅಪ್ಪನ ತಮ್ಮ, ನಮ್ಮ ಕಾಕಾ, ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾರಕೂನನಾಗಿದ್ದ. ಲಗ್ನದ ಮಾತೆತ್ತಿದರೆ ಎದ್ದುಹೋಗುವ ಆಸಾಮಿ, ಹುಬ್ಬಳ್ಳಿಗೆ ಹೋದಾಗಲೆಲ್ಲ ಒಂದು ಪ್ಲೇಟು ಮಾತ್ರ ತಪ್ಪದೆ ತರುತ್ತಿದ್ದ. ದೀಪಾವಳಿಯ ಪಾಡ್ಯದ ದಿನ ಎಲ್ಲರ ಎಣ್ಣೆಸ್ನಾನ ಮುಗಿದ ಮೇಲೆ ಆ ವರ್ಷ ಬಂದ ಪ್ಲೇಟುಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಹಚ್ಚುತ್ತಿದ್ದ. ಕೇಳಿದ ಮೇಲೆ ಪ್ರತಿಯೊಬ್ಬರೂ ತಮಗೆ ಹಿಡಿಸಿದ ಪ್ಲೇಟಿನ ಚೀಲದ ಮೇಲೆ ಒಂದು ಅಡಿಕೆ ಇಡಬೇಕು. ಹೆಚ್ಚು ಅಡಿಕೆ ಬಿದ್ದದ್ದೇ ವರ್ಷದ ಹಾಡು.

ಅಪ್ಪನ ಅಕ್ಕ, ನಮ್ಮ ಅತ್ತಿ, ಮಾತ್ರ ಈ ಕಾಯಿದೆಗೆ ಜಗ್ಗಿದವಳಲ್ಲ. ಗಂಡ ತೀರಿಕೊಂಡ ಮೇಲೆ ಅವನ ಊರಾದ ಸಾಂಬ್ರಾಣಿಯಿಂದ ತವರಿಗೆ ಬರುವಾಗ ಸೀರೆಗಳ ನಡುವೆ ಸುತ್ತಿ ಒಂದು ಪ್ಲೇಟು ತಂದಿದ್ದಳು. ಯಾರೋ ಹೆಣ್ಣುಮಗಳು ಹಾಡಿದ ವಚನ. ಹಾಡಿದವಳ ಹೆಸರು ತಿಕ್ಕಿ ತಿಕ್ಕಿ ಅಳಿಸಿಹೋಗಿತ್ತು. ಪ್ರತಿ ಪಾಡ್ಯಕ್ಕೂ ಅದನ್ನು ತಂದು ಸಾಲಿನ ಕೊನೆಗಿಟ್ಟು ತನ್ನ ಅಡಿಕೆಯನ್ನು ಅದರ ಮೇಲೆಯೇ ಇಡುವಳು. ಅದು ಈ ವರ್ಷದ್ದಲ್ಲ ಎಂದು ಕಾಕಾ ಎಷ್ಟು ರೇಗಿಸಿದರೂ ನಗುವಳೇ ಹೊರತು ಅಡಿಕೆ ತೆಗೆಯುವವಳಲ್ಲ.

ಒಂದು ವರ್ಷ ಮಳೆ ಬಹಳ ದಿನ ಹಿಡಿಯಿತು. ಬಿಸಿಲು ಬಿದ್ದ ಕೂಡಲೇ ಅವ್ವ ಹಾಸಿಗೆ, ಕೌದಿ, ಬೇಳೆಕಾಳು ಎಲ್ಲವನ್ನೂ ಹಿತ್ತಲಿಗೆ ಹಾಕಿದಳು. ಪ್ಲೇಟುಗಳಿಗೂ ಬೂಷ್ಟು ಹಿಡಿದಿತ್ತು. ಎಂಟು ವರ್ಷದ ನಾನು ಮನೆಯವರ ಕೆಲಸ ಹಗುರ ಮಾಡಲು ಹೊರಟೆ. ಉಳಿದವನ್ನು ಪೇರಲ ಗಿಡದ ಕೆಳಗೆ ಹರವಿ, ಅತ್ತಿಯದಕ್ಕೆ ಚೆನ್ನಾಗಿ ಬಿಸಿಲು ತಾಗಲಿ ಎಂದು ಪ್ರೀತಿಯಿಂದ ಬಟ್ಟೆ ಒಗೆಯುವ ಕರಿಕಲ್ಲಿನ ಮೇಲಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಹಿತ್ತಲೆಲ್ಲ ಅರಗಿನ ವಾಸನೆ. ಪ್ಲೇಟು ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಅತ್ತಿ ಬೈಯಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಆ ಪಾಡ್ಯಕ್ಕೆ ಅವಳ ಅಡಿಕೆ ಅವಳ ಮುಷ್ಟಿಯಲ್ಲೇ ಉಳಿಯಿತು. ಅವ್ವ ಕೊಟ್ಟ ಏಟು ಮರೆತೆ, ಆ ಮುಷ್ಟಿಯನ್ನು ಮರೆಯಲಾಗಲಿಲ್ಲ.

ಮರುವರ್ಷವೆಲ್ಲ ಕಾಕಾ ಆ ಹಾಡಿನ ಬೆನ್ನು ಹತ್ತಿದ. ಹೆಸರು ಗೊತ್ತಿಲ್ಲದ ಮೇಲೆ ಹುಡುಕುವುದು ಹೇಗೆ? ಹುಬ್ಬಳ್ಳಿಯ ಅಂಗಡಿಗಳಲ್ಲಿ ನಿಂತು ತನ್ನ ಒಡಕು ದನಿಯಲ್ಲಿ ತಾನೇ ಹಾಡಿ ತೋರಿಸಿದನಂತೆ. ಗಿರಾಕಿಗಳು ಮುಖ ಮುಚ್ಚಿಕೊಂಡು ನಕ್ಕರಂತೆ. ಕೊನೆಗೊಬ್ಬ ಮುದುಕ ಅಂಗಡಿಕಾರ ಗುರುತು ಹಿಡಿದು, ಅದು ಮತ್ತೆ ಅಚ್ಚಾಗಿ ಬಂದಿದೆ ಎಂದು ಹೊಸ ಪ್ಲೇಟು ತೆಗೆದುಕೊಟ್ಟ. ಪಾಡ್ಯದ ದಿನ ಕಾಕಾ ಅದನ್ನು ಸಾಲಿನ ಮೊದಲಿಗಿಟ್ಟು, "ಅಕ್ಕಾ, ಈಗ ಇದೂ ಈ ವರ್ಷದ್ದ ಐತಿ ನೋಡು," ಎಂದ. ಗರಗರ ಸದ್ದಿಲ್ಲದೆ ಆ ದನಿ ಹೊರಟಾಗ ನನಗೆ ಅಳುವೇ ಬಂತು. ಅಪ್ಪ, ಅವ್ವ, ಕಾಕಾ, ನಾನು, ನಾಲ್ವರೂ ಅದರ ಮೇಲೆಯೇ ಅಡಿಕೆ ಇಟ್ಟೆವು. ಅತ್ತಿ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ್ದಳು. ಎದ್ದು ಬಂದವಳು ಅಡಿಕೆಯನ್ನು ಪಕ್ಕದಲ್ಲಿದ್ದ, ನಾನು ದಿನವೂ ಕುಣಿಯುತ್ತಿದ್ದ ಸಿನಿಮಾ ಹಾಡಿನ ಮೇಲಿಟ್ಟಳು. ಕಾಕಾನ ಮುಖ ಸಣ್ಣದಾಯಿತು.

"ಇಷ್ಟ ವರ್ಷ ಅದಕ್ಕ ಯಾರೂ ಇರಲಿಲ್ಲಂತ ನಾ ಇಡತಿದ್ದೆ. ಈಗ ನೀವೆಲ್ಲಾ ಇದ್ದೀರಿ. ಇನ್ನ ಇದನ್ನೊಂದೀಟು ಹಚ್ಚು," ಎಂದಳು ಅತ್ತಿ.

ಆ ಕುಣಿತದ ಹಾಡನ್ನು ಅಂದು ಎರಡು ಸಲ ಹಚ್ಚಿಸಿಕೊಂಡು ಕೇಳಿದಳು. ಅವಳು ಹೋದಳು, ಕಾಕಾ ಹೋದ, ಅಪ್ಪ ಅವ್ವನೂ ಹೋದರು, ಪಡಸಾಲೆಯಿದ್ದ ಜಾಗದಲ್ಲಿ ಈಗ ಅಂಗಡಿಗಳಿವೆ. ಆ ವಚನ ಎಲ್ಲಾದರೂ ಕಿವಿಗೆ ಬಿದ್ದರೆ ಕೈಯಲ್ಲಿನ ಕೆಲಸ ಬಿಟ್ಟು ಮುಗಿಯುವವರೆಗೂ ಕೂರುತ್ತೇನೆ. ಅಂದು ಅದಕ್ಕಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.