ಬ್ರೆಜಿಲ್‌ನಲ್ಲಿ ಆರಿ ಹತ್ತಿದ ಲೈಟು

ಇದು ಹೋದ ವರ್ಷದ ಮಾತು. ಬೇಸಿಗೆ ಆಗಷ್ಟೇ ಶುರುವಾಗಿತ್ತು. ಮದುವೆಗಳ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ತರೀಕೆರೆಯಲ್ಲಿ ನಮ್ಮದು ಹಾಸಿಗೆ ಅಂಗಡಿ. ನಮ್ಮ ಮಾವನವರ ಅಪ್ಪನ ಕಾಲದಿಂದಲೂ ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿಯುವುದೇ ಕಸುಬು. ರಸ್ತೆ ಕಡೆಗೆ ಅಂಗಡಿ, ಅದರ ಹಿಂದೆ ನಡುಮನೆ, ನಡುಮನೆ ಪಕ್ಕದಲ್ಲಿ ನಮ್ಮ ಅತ್ತೆಯ ಕೋಣೆ, ಕೊನೆಗೆ ಅಡುಗೆಮನೆ, ಹಿತ್ತಿಲು. ಎಲ್ಲ ಒಂದೇ ಸೂರಿನ ಕೆಳಗೆ.

ನನಗೆ ಒಬ್ಬಳೇ ಮಗಳು, ಅಸ್ಮಾ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಬರಲಿಲ್ಲ. ಮೈಸೂರಿನ ಕಡೆ ಕಿವುಡ ಮಕ್ಕಳ ಶಾಲೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದಿದಳು. ಅಲ್ಲಿ ಸನ್ನೆ ಭಾಷೆ ಕಲಿತಳು, ಕಸೂತಿಯನ್ನೂ ಕಲಿತಳು. ಓದು ಮುಗಿಸಿ ಊರಿಗೆ ಬಂದ ಮೇಲೆ ಅವಳು ಬಹಳ ಮಂಕಾಗಿಬಿಟ್ಟಳು. ಮನೆಯಲ್ಲಿ ನಾವು ಕೈಬಾಯಿ ತಿರುಗಿಸಿ ಊಟ, ತಿಂಡಿ, ಬಟ್ಟೆಯ ವಿಷಯ ಹೇಳಿಕೊಳ್ಳುತ್ತಿದ್ದೆವು. ಆದರೆ ಮನಸ್ಸು ಬಿಚ್ಚಿ ಹರಟೆ ಹೊಡೆಯಲು ನಮ್ಮ ಬೀದಿಯಲ್ಲಿ ಅವಳಿಗೆ ಯಾರಿದ್ದರು?

ಫೋನ್ ಬಂದ ಮೇಲೆ ಅವಳಿಗೆ ಜೊತೆ ಸಿಕ್ಕಿತು. ಕಸೂತಿ ಹಾಕುವ ಕಿವುಡ ಹೆಂಗಸರದ್ದೇ ಒಂದು ಗುಂಪು ಇದೆಯಂತೆ, ಬೇರೆ ಬೇರೆ ದೇಶದವರು. ಅದರಲ್ಲಿ ಐದು ಜನ ಬಹಳ ಹತ್ತಿರವಾದರು. ಬ್ರೆಜಿಲ್‌ನ ರೋಸಾ, ನಮ್ಮ ಅತ್ತೆಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ಕೀನ್ಯಾದ ಗ್ರೇಸ್, ಅಸ್ಮಾಳ ವಾರಗೆಯ ಹುಡುಗಿ. ಕಲ್ಕತ್ತಾದ ಕಡೆಯವಳೊಬ್ಬಳು, ಪೋಲೆಂಡಿನವಳೊಬ್ಬಳು, ಮತ್ತೆ ನಮ್ಮ ಅಸ್ಮಾ. ಶುಕ್ರವಾರ ಸಂಜೆ ಐದೂ ಜನ ವಿಡಿಯೋ ಕಾಲ್‌ನಲ್ಲಿ ಸೇರಿ ಹೊಲಿಯುತ್ತಾ ಕೂರುವರು. ಒಬ್ಬೊಬ್ಬರ ಸನ್ನೆ ಒಂದೊಂದು ಥರ. ಆದರೂ ಹೇಗೋ ತಿಳಿದುಕೊಳ್ಳುತ್ತಿದ್ದರು, ತಿಳಿಯದಿದ್ದರೆ ಬರೆದು ತೋರಿಸುತ್ತಿದ್ದರು. ಅವಳ ಬೆರಳುಗಳು ಅಷ್ಟು ಜೋರಾಗಿ ಓಡುವುದನ್ನು, ಹೊಟ್ಟೆ ಹಿಡಿದುಕೊಂಡು ಅವಳು ನಗುವುದನ್ನು ನಾನು ಆಗಲೇ ಮೊದಲು ನೋಡಿದ್ದು.

ನಮ್ಮ ಅತ್ತೆ ಸೊಂಟದ ಮೂಳೆ ಮುರಿದು ಮಂಚ ಹಿಡಿದಿದ್ದರು. ಶುಕ್ರವಾರ ಬಂದರೆ ಅವರಿಗೂ ಸಂಭ್ರಮ. ಅಸ್ಮಾ ಫೋನನ್ನು ಮಂಚದ ಹತ್ತಿರ ಒಯ್ದು ತೋರಿಸುವಳು. ಅತ್ತೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕೈಯೆತ್ತಿ ಸಲಾಂ ಮಾಡುವರು. "ನಮ್ಮ ರೋಸಾಬೀ ಇವತ್ತು ಯಾಕೋ ಸೊರಗಿದ್ದಾಳಲ್ಲೇ," ಎಂದು ನನ್ನನ್ನು ಕೇಳುವರು. ರೋಸಾಬೀ ಅಂತ ಅವರೇ ಇಟ್ಟ ಹೆಸರು.

ಆ ಶುಕ್ರವಾರ ಅಂಗಡಿಗೆ ರಜ. ನಮ್ಮ ಯಜಮಾನರು ಮದುವೆ ಮನೆಯೊಂದಕ್ಕೆ ಹಾಸಿಗೆ ಕೊಡಲು ಗಾಡಿ ತೆಗೆದುಕೊಂಡು ಅಜ್ಜಂಪುರಕ್ಕೆ ಹೋಗಿದ್ದರು. ನಾನು ಕಡೂರಿನಲ್ಲಿರುವ ತಂಗಿಗೆ ಹುಷಾರಿಲ್ಲವೆಂದು ಬೆಳಿಗ್ಗೆಯೇ ಹೋಗಿದ್ದವಳು ಸಂಜೆ ಬಸ್ಸಿಗೆ ಹೊರಟು ಬಂದೆ. ಮನೆಯಲ್ಲಿ ಅಸ್ಮಾ, ಅತ್ತೆ ಇಬ್ಬರೇ.

ಬಸ್ ಸ್ಟ್ಯಾಂಡಿನಿಂದ ನಡೆದು ಬರುತ್ತಿದ್ದೆ. ನಮ್ಮ ಬೀದಿ ತಿರುಗುವಾಗಲೇ ಹೊಗೆ ಕಂಡಿತು. ಯಾರೋ ತೆಂಗಿನ ಮಟ್ಟೆಗೆ ಬೆಂಕಿ ಹಾಕಿರಬೇಕು ಅಂದುಕೊಂಡೆ. ಇನ್ನೊಂದಿಷ್ಟು ದೂರ ಬಂದರೆ ಜನ ಓಡುತ್ತಿದ್ದಾರೆ, ನಮ್ಮ ಅಂಗಡಿಯ ರೋಲಿಂಗ್ ಶಟರಿನ ಸಂದಿಯಿಂದ ಕಪ್ಪು ಹೊಗೆ ಉಕ್ಕುತ್ತಿದೆ. ಪಕ್ಕದ ಸೈಕಲ್ ಅಂಗಡಿ ಮಂಜಣ್ಣ ಬಕೆಟ್ ಹಿಡಿದುಕೊಂಡು ಕೂಗುತ್ತಿದ್ದ.

"ಅಕ್ಕಾ, ಒಳಗ್ಯಾರವ್ರೆ?"

"ಅಸ್ಮಾ! ಅತ್ತೆ!" ಎಂದೆ.

ಒಣ ಹತ್ತಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಬ್ಬಳಿಗೆ ಕಿವಿ ಕೇಳುವುದಿಲ್ಲ, ಇನ್ನೊಬ್ಬರಿಗೆ ಎದ್ದು ನಡೆಯಲು ಆಗುವುದಿಲ್ಲ. ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ. ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಿಲಿಗೆ ಓಡಿದೆ. ಮಂಜಣ್ಣ "ನಿಂತ್ಕಳಿ ಅಕ್ಕಾ, ನಾನ್ ನೋಡ್ತೀನಿ" ಎನ್ನುತ್ತಾ ಹಿಂದೆಯೇ ಬಂದ.

ಹಿತ್ತಿಲ ಸೀಬೆ ಮರದ ಕೆಳಗೆ ಇಬ್ಬರೂ ಇದ್ದರು. ಅತ್ತೆ ಬೆಡ್‌ಶೀಟಿನ ಮೇಲೆ ಮಲಗಿ ಕೆಮ್ಮುತ್ತಿದ್ದರು. ಅಸ್ಮಾ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೊಗೆ ಬರುತ್ತಿದ್ದ ಬಾಗಿಲನ್ನೇ ನೋಡುತ್ತಾ ಕೂತಿದ್ದಳು. ಮುಖ, ಕೈ ಎಲ್ಲ ಮಸಿ. ನಾನು ಹೋಗಿ ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡು ಜೋರಾಗಿ ಅತ್ತುಬಿಟ್ಟೆ.

"ಹೆದರ್ಬೇಡಿ ಅಕ್ಕಾ, ದೇವ್ರು ದೊಡ್ಡೋನು. ಇಬ್ರೂ ಹೊರಗವ್ರಲ್ಲ, ಅಷ್ಟು ಸಾಕು. ಮಿಕ್ಕಿದ್ ನಾವ್ ನೋಡ್ಕೋತೀವಿ," ಎಂದು ಮಂಜಣ್ಣ ಮತ್ತೆ ಮುಂದಕ್ಕೆ ಓಡಿದ.

ಅತ್ತೆ ನನ್ನ ಕೈ ಹಿಡಿದುಕೊಂಡು, ಉಸಿರು ಸಿಕ್ಕಿದಾಗ ಸಿಕ್ಕಿದಷ್ಟು ಹೇಳಿದರು. "ಹೊಗೆ ವಾಸನೆ ಬಂತು. ಅಸ್ಮಾ, ಅಸ್ಮಾ ಅಂತ ಕೂಗಿದೆ. ಗಂಟಲು ಹರಿಯೋ ಹಂಗೆ ಕೂಗಿದೆ. ಅವಳಿಗೆಲ್ಲಿ ಕೇಳಬೇಕು? ನೀರಿನ ಚೊಂಬು ಎಸೆದೆ, ಅದು ಬಾಗಿಲ ಹತ್ತಿರಾನೇ ಬಿತ್ತು. ಇನ್ನು ಆಯ್ತು ಅಂತ ಕಲಿಮಾ ಹೇಳ್ಕೊಂಡು ಕಣ್ಣು ಮುಚ್ಚಿದೆ. ಆಮೇಲೆ ನೋಡಿದ್ರೆ ಹುಡುಗಿ ಬಂದು ನನ್ನನ್ನ ಬೆಡ್‌ಶೀಟ್ ಸಮೇತ ಎಳೀತಾ ಇದ್ದಾಳೆ."

ಹಾಗಾದರೆ ಇವಳಿಗೆ ಹೇಗೆ ಗೊತ್ತಾಯಿತು? ಆಗ ಅದನ್ನೆಲ್ಲ ಕೇಳುವಷ್ಟು ಬುದ್ಧಿ ನನಗೆ ನೆಟ್ಟಗಿರಲಿಲ್ಲ.

ಫೈರ್ ಇಂಜಿನ್ ಬಂತು. ಬೀದಿಯವರೂ ಅವರೂ ಸೇರಿ ಬೆಂಕಿ ಆರಿಸಿದರು. ಅಂಗಡಿ ಪೂರ್ತಿ ಹೋಯಿತು. ಗೋಡೆಯೊಳಗಿನ ಹಳೇ ವೈರು ಶಾರ್ಟ್ ಆಗಿತ್ತಂತೆ. ಬೆಂಕಿ ನಡುಮನೆಯ ಬಾಗಿಲವರೆಗೆ ಬಂದು ಚೌಕಟ್ಟನ್ನು ಸುಟ್ಟು ಅಲ್ಲಿಗೇ ನಿಂತಿತ್ತು. ಒಳಗೆ ಹೋಗಬಹುದು ಎಂದ ಮೇಲೆ ನಾನು ಅತ್ತೆಯ ಮಾತ್ರೆ ತರಲು ಹೋದೆ.

ನಡುಮನೆಯಲ್ಲಿ ಕತ್ತಲೆ. ಗೋಡೆ, ಸೂರು ಎಲ್ಲ ಮಸಿ ಬಳಿದ ಹಾಗೆ. ಕರೆಂಟು ತೆಗೆದಿದ್ದರು. ಆದರೆ ಕಿಟಕಿಯ ಹತ್ತಿರ ನೆಲದ ಮೇಲೆ ಏನೋ ಬೆಳಕು. ನೋಡಿದರೆ ಅಸ್ಮಾಳ ಫೋನು. ಮೇಲೆಲ್ಲ ಮಸಿ ಕೂತಿತ್ತು. ಸೆರಗಿನಿಂದ ಒರೆಸಿದೆ.

ನಾಲ್ಕು ಜನರೂ ಅಲ್ಲೇ ಇದ್ದರು.

ಅವರು ಕಾಲ್ ಕಟ್ ಮಾಡಿರಲಿಲ್ಲ. ಅಷ್ಟು ಹೊತ್ತೂ ನಮ್ಮ ಮನೆಯ ಕತ್ತಲೆಯನ್ನೇ ನೋಡುತ್ತಾ ಕೂತಿದ್ದರು. ಕಲ್ಕತ್ತಾದವಳು ಇನ್ನೊಂದು ಫೋನ್ ಹಿಡಿದಿದ್ದಳು, ಪಕ್ಕದಲ್ಲಿ ಅವಳ ಅಣ್ಣನೋ ಯಾರೋ ನಿಂತು ಎಲ್ಲಿಗೋ ಮಾತಾಡುತ್ತಿದ್ದ. ತರೀಕೆರೆಗೆ ಸಹಾಯ ಕಳಿಸಿ ಅಂತ ಅವನ ಕೈಲಿ ಫೋನ್ ಮಾಡಿಸುತ್ತಿದ್ದಳೆಂದು ಆಮೇಲೆ ತಿಳಿಯಿತು. ಪೋಲೆಂಡಿನವಳು ಎರಡೂ ಕೈ ಜೋಡಿಸಿ ಬಾಯಿಗೆ ಒತ್ತಿಕೊಂಡಿದ್ದಳು. ಗ್ರೇಸ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನ್ನ ಮುಖ ಕಾಣಿಸಿದ ಕೂಡಲೇ ನಾಲ್ಕೂ ಜನ ಒಟ್ಟಿಗೆ ಮುಂದಕ್ಕೆ ಬಾಗಿದರು. ಕೈಗಳು ಏನೇನೋ ಕೇಳತೊಡಗಿದವು. ನನಗೆ ಒಂದೂ ತಿಳಿಯಲಿಲ್ಲ. ರೋಸಾ ಅವರು ಮಾತ್ರ ಬೇರೆ ಏನೂ ಮಾಡದೆ ತೋರುಬೆರಳನ್ನು ಮೂಗಿನ ಪಕ್ಕಕ್ಕೆ ಮುಟ್ಟಿಸಿ, ಕೈ ಚಾಚಿ, ಮತ್ತೆ ಮೂಗಿಗೆ ಮುಟ್ಟಿಸಿ, ಅದನ್ನೇ ಮಾಡುತ್ತಿದ್ದರು. ಕಣ್ಣೀರು ಇಳಿದು ಅವರ ಬೆರಳೂ ಒದ್ದೆಯಾಗಿತ್ತು.

ಅವರಿಗೆ ನಾನು ಏನು ಹೇಳಲಿ, ಹೇಗೆ ಹೇಳಲಿ? ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಓಡಿದೆ. ಸೀಬೆ ಮರದ ಕೆಳಗೆ ಅಸ್ಮಾಳ ಮುಂದೆ ಹಿಡಿದೆ.

ಅಸ್ಮಾ ನೋಡಿದಳು. ಅವರು ಅಸ್ಮಾಳನ್ನು ನೋಡಿದರು. ಆಮೇಲೆ ಅಸ್ಮಾ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಮಲಗಿದ್ದ ಅತ್ತೆಯ ಮುಖದ ಕಡೆ ತಿರುಗಿಸಿದಳು. ಅತ್ತೆ ಅಷ್ಟು ಸುಸ್ತಿನಲ್ಲೂ ಕೈಯೆತ್ತಿ ಸಲಾಂ ಮಾಡಿದರು. ಆಗ ಆ ನಾಲ್ಕೂ ಜನ ಎರಡು ಕೈಗಳನ್ನೂ ಮೇಲಕ್ಕೆತ್ತಿ, ಬೆರಳು ಬಿಡಿಸಿ, ಗಾಳಿಗೆ ಎಲೆ ಅಲ್ಲಾಡುವ ಹಾಗೆ ಅಲ್ಲಾಡಿಸಿದರು. ಕಿವುಡರು ಚಪ್ಪಾಳೆ ಹೊಡೆಯುವುದು ಹಾಗಂತೆ. ಸದ್ದೇ ಇಲ್ಲ. ಬೀದಿ ಕಡೆಯಿಂದ ಗಲಾಟೆ ಕೇಳಿಸುತ್ತಿತ್ತು, ನನಗೆ ಮಾತ್ರ ಆ ಸದ್ದಿಲ್ಲದ ಚಪ್ಪಾಳೆ ಬಿಟ್ಟರೆ ಬೇರೇನೂ ಇಲ್ಲವೆನಿಸಿತು.

ನಡೆದದ್ದನ್ನು ಅಸ್ಮಾ ಮಾರನೆಯ ದಿನ ನನ್ನನ್ನು ಕೂರಿಸಿಕೊಂಡು, ಸನ್ನೆ ಮಾಡಿ, ತಿಳಿಯದ್ದನ್ನು ಬರೆದು ತೋರಿಸಿ ಹೇಳಿದಳು. ಅವಳು ಅಂಗಡಿ ಬಾಗಿಲಿಗೆ ಬೆನ್ನು ಹಾಕಿ, ಕಿಟಕಿ ಬೆಳಕಿನಲ್ಲಿ ದಿಂಬಿನ ಕವರಿಗೆ ಹೂ ಹಾಕುತ್ತಿದ್ದಳು. ಹೊಗೆ ವಾಸನೆ ಬಂದರೂ ಅಕ್ಕಪಕ್ಕದವರು ನೀರು ಕಾಯಿಸಲು ಒಲೆ ಹಚ್ಚಿರಬೇಕು ಅಂದುಕೊಂಡಳಂತೆ. ಬೆನ್ನ ಹಿಂದಿನ ಹೊಗೆ ಮೊದಲು ಕಂಡಿದ್ದು ಗ್ರೇಸ್‌ಗೆ. ಅವಳು ಕೈ ಬೀಸಿದಳು. ಉಳಿದವರೂ ಬೀಸಿದರು. ಆದರೆ ಇವಳ ಕಣ್ಣು ಸೂಜಿಯ ಮೇಲೆ. ಆಗ ರೋಸಾ ಎದ್ದು ಓಡಿ, ತಮ್ಮ ಕೋಣೆಯ ಸ್ವಿಚ್ಚಿನ ಹತ್ತಿರ ನಿಂತು ಲೈಟು ಆರಿಸಿ ಹಾಕಿ, ಆರಿಸಿ ಹಾಕಿ ಮಾಡಿದರು. ಕಿವುಡರ ಮನೆಗಳಲ್ಲಿ ಒಬ್ಬರನ್ನೊಬ್ಬರು ಕರೆಯುವುದೇ ಹಾಗೆ. ಫೋನಿನ ಒಂದು ಮೂಲೆ ಮಿನುಗಿದ್ದು ಅಸ್ಮಾಳ ಕಣ್ಣಂಚಿಗೆ ಬಿತ್ತು. ತಲೆಯೆತ್ತಿದಳು. ಎಲ್ಲರ ಬೆರಳೂ ಅವಳ ಹಿಂದಕ್ಕೆ ತೋರಿಸುತ್ತಿದ್ದವು.

ನಾನು ಅದನ್ನೇ ಯೋಚಿಸುತ್ತಾ ಕೂತೆ. ಪಕ್ಕದ ಕೋಣೆಯಿಂದ ಅಜ್ಜಿ ಗಂಟಲು ಹರಿಯುವಂತೆ ಕೂಗಿದ್ದು ಮೊಮ್ಮಗಳಿಗೆ ಮುಟ್ಟಲಿಲ್ಲ. ಬ್ರೆಜಿಲ್‌ನ ಯಾವುದೋ ಊರಿನ ಒಂದು ಲೈಟು ಮುಟ್ಟಿತು.

"ರೋಸಾ ಮೂಗು ಯಾಕೆ ಮುಟ್ಟಿಕೊಳ್ಳುತ್ತಿದ್ದರು?" ಎಂದು ಸನ್ನೆ ಮಾಡಿ ಕೇಳಿದೆ.

ಅಸ್ಮಾ ಅತ್ತೆಯ ಕೋಣೆಯ ಕಡೆ ಕೈ ತೋರಿಸಿದಳು. ಅತ್ತೆಗೆ ದೊಡ್ಡ ಮೂಗುಬೊಟ್ಟು ಇದೆ. ಆ ಐವರ ಸನ್ನೆ ಭಾಷೆಯಲ್ಲಿ ಅತ್ತೆಯ ಹೆಸರೇ ಅದು, ಕೈ ಚಾಚಿದರೆ 'ಎಲ್ಲಿ' ಅಂತ. ಅಂದರೆ ರೋಸಾ ಅವರು ಅಷ್ಟು ಹೊತ್ತೂ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಅಜ್ಜಿ ಎಲ್ಲಿ? ಅಜ್ಜಿ ಎಲ್ಲಿ? ಇದನ್ನು ಅತ್ತೆಗೆ ಹೇಳಿದೆ. ಅವರು ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದರು, ಬಹಳ ಹೊತ್ತು ಮೂಗುಬೊಟ್ಟನ್ನು ಸವರುತ್ತಲೇ ಇದ್ದರು.

ಬೀದಿಯವರೆಲ್ಲ ಕೈ ಹಚ್ಚಿದರು, ಅಂಗಡಿ ಮತ್ತೆ ಎದ್ದಿತು. ಅದು ಬೇರೆಯೇ ಕಥೆ.

ಈ ಮಳೆಗಾಲದಲ್ಲಿ ಒಂದು ದಿನ ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಕೀನ್ಯಾದಲ್ಲಿ ನೆರೆ ಬಂದು ಮನೆಗಳು ಮುಳುಗಿದ್ದವು. ಅಂಥ ಎಷ್ಟೋ ಸುದ್ದಿಯನ್ನು ನಾವು ಊಟ ಮಾಡುತ್ತಾ ನೋಡಿದ್ದೇವೆ, ಮರೆತಿದ್ದೇವೆ. ಆ ದಿನ ಮಾತ್ರ ನಮ್ಮ ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಮಂಚದಿಂದಲೇ ಕೇಳಿದರು, "ಅದು ನಮ್ಮ ಗ್ರೇಸ್ ಊರೇನೋ? ಸೌಂಡ್ ಜಾಸ್ತಿ ಮಾಡೋ!"

ಅಸ್ಮಾ ಮೆಸೇಜ್ ಮೇಲೆ ಮೆಸೇಜ್ ಹಾಕಿದಳು. ಉತ್ತರವಿಲ್ಲ. ರೋಸಾ ಅವರಿಗೂ ಸುದ್ದಿ ಗೊತ್ತಿಲ್ಲ. ಮಾರನೆಯ ದಿನವೂ ಇಲ್ಲ. ಮನೆಯಲ್ಲಿ ಯಾರಿಗೂ ಊಟ ಬೇಕಾಗಲಿಲ್ಲ, ನಾನು ಒಲೆಯನ್ನೇ ಹಚ್ಚಲಿಲ್ಲ. ಮಂಜಣ್ಣ ಕೂಡ ಬಂದು ಬಂದು ಕೇಳುತ್ತಿದ್ದ, "ಆ ಮಗೀಂದ್ ಏನಾದ್ರೂ ಗೊತ್ತಾಯ್ತಾ ಅಕ್ಕಾ?"

ಮೂರನೆಯ ದಿನ ಮಧ್ಯಾಹ್ನ ಫೋನು ಮಿನುಗಿತು. ಗ್ರೇಸ್! ಯಾವುದೋ ಶಾಲೆಯ ಜಗುಲಿಯಲ್ಲಿ ಜನರ ನಡುವೆ ಕೂತಿದ್ದಳು. ಮನೆಗೆ ನೀರು ನುಗ್ಗಿತ್ತಂತೆ, ಎಲ್ಲರೂ ಪಾರಾಗಿದ್ದರು, ಕರೆಂಟಿಲ್ಲದೆ ಫೋನು ಸತ್ತಿತ್ತಂತೆ. ಅಸ್ಮಾ ಅಳುತ್ತಾ ನಗುತ್ತಾ ಫೋನನ್ನು ಅಜ್ಜಿಯ ಹತ್ತಿರ ತಂದಳು.

ಅತ್ತೆ ಅವತ್ತು ಸಲಾಂ ಮಾಡಲಿಲ್ಲ. ನಮ್ಮ ಮನೆಮಾತಾದ ದಖನಿ ಉರ್ದುವಿನಲ್ಲೇ ಬೈಯಲು ಶುರುಮಾಡಿದರು. "ಏನೇ ಹುಡುಗಿ, ಬದುಕಿದ್ದೀನಿ ಅಂತ ಒಂದು ಮಾತು ಹೇಳಿ ಕಳಿಸಬಾರದಾಗಿತ್ತಾ? ಎಷ್ಟು ಹೆದರಿದ್ವಿ ಗೊತ್ತೇನೇ ನಿನಗೆ?" ಕೈ ಆಡಿಸಿಕೊಂಡು, ಕಣ್ಣು ಒರೆಸಿಕೊಂಡು ಬೈದೇ ಬೈದರು. ಗ್ರೇಸ್‌ಗೆ ಆ ಭಾಷೆ ತಿಳಿಯದು, ತಿಳಿದರೂ ಕೇಳಿಸದು. ಆದರೂ ಅವಳು ತಲೆ ತಗ್ಗಿಸಿ, ಒಂದು ಚೂರೂ ಅಲುಗಾಡದೆ, ತುಟಿಯಂಚಿನಲ್ಲಿ ನಗುತ್ತಾ ಪೂರ್ತಿ ಬೈಸಿಕೊಂಡಳು. ಬೈಗುಳ ಮುಗಿದ ಮೇಲೆ ತಲೆಯೆತ್ತಿ ಎರಡೂ ಕೈ ಎದೆಗೆ ಒತ್ತಿಕೊಂಡಳು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹತ್ತನೇ ಕ್ಲಾಸು ಓದಿದವಳು ನಾನು. ಆ ಸಣ್ಣ ಗಾಜಿನೊಳಗೆ ಇಷ್ಟು ಜನ ಹೇಗೆ ಹಿಡಿಸುತ್ತಾರೆ ಎಂಬುದನ್ನು ಯಾರಾದರೂ ವಿವರಿಸಿದರೆ ತಿಳಿದುಕೊಂಡೇನು. ಆದರೆ ಒಂದು ಸಲವೂ ಮುಟ್ಟದ, ಮುಂದೆಯೂ ಭೇಟಿಯಾಗದ ಒಬ್ಬ ಹುಡುಗಿಗಾಗಿ ನಮ್ಮ ಮನೆಯ ಒಲೆ ಎರಡು ದಿನ ತಣ್ಣಗಿತ್ತಲ್ಲ, ಅದು ಹೇಗೆ? ಅದನ್ನು ಯಾರು ವಿವರಿಸಿಯಾರು?