ಚಕ್ಕುಲಿ ಪರೀಕ್ಷೆಗೆ ಕುಳಿತಾಗ

ಸಂಜೆಯ ಚಹಾದ ಜೊತೆ ಚಕ್ಕುಲಿ ಮುರಿಯುವ ಸದ್ದಿಗಿಂತ ಹಿತವಾದ ಸದ್ದು ನನಗಂತೂ ಗೊತ್ತಿಲ್ಲ. ಆದರೆ ಅದೇ ಚಕ್ಕುಲಿಯನ್ನು ತಿನ್ನದೆ, ಪುಡಿಮಾಡಿ ಗಾಜಿನ ಕೊಳವೆಗೆ ತುಂಬುವುದು ನನ್ನ ಉದ್ಯೋಗ, ನೋಡಿ! ಚಿತ್ರದುರ್ಗದ ಪುಟ್ಟ ಪ್ರಯೋಗಾಲಯವೊಂದರಲ್ಲಿ, ಸಿದ್ಧ ತಿನಿಸುಗಳೊಳಗೆ ಹೇಳದೆ ಕೇಳದೆ ಸೇರಿಕೊಂಡ ಕುಲಾಂತರಿ ಬೆಳೆಯ ಅಂಶವನ್ನು ಹುಡುಕುತ್ತೇನೆ. ಬೀಜದ ವಂಶವಾಹಿಯನ್ನು ಮನುಷ್ಯ ತಿದ್ದಿದ್ದರೆ, ಬೀಸಿದರೂ ಕರಿದರೂ ಆ ತಿದ್ದುಪಡಿಯ ಗುರುತು ಅಷ್ಟು ಸುಲಭವಾಗಿ ಅಳಿಸಿಹೋಗುವುದಿಲ್ಲ.

ಹಿರಿಯೂರಿನ ನೂರ್‌ಜಹಾನ್, ನಮಗೆಲ್ಲ ನೂರಿ, ಮನೆಯಲ್ಲೇ ಮೆಕ್ಕೆಜೋಳದ ಚಕ್ಕುಲಿ ಮಾಡಿ ಮಾರುತ್ತಾಳೆ. ಜೋಳ ತುರುವನೂರಿನ ಪರಿಚಯದ ರೈತರದು. ಆ ಧೈರ್ಯದಿಂದ ಪೊಟ್ಟಣದ ಮೇಲೆ ‘ಕುಲಾಂತರಿ ಬೆರಕೆಯಿಲ್ಲ’ ಎಂದು ಅಚ್ಚು ಹಾಕಿಸಿದ್ದಳು. ಒಂದು ದಿನ ಅವಳೇ ಚಕ್ಕುಲಿ, ಹಿಟ್ಟುಗಳನ್ನೆಲ್ಲ ಹೊತ್ತು ನನ್ನ ಮುಂದೆ ನಿಂತಳು.

“ಒಬ್ರು ತಾಯಿ ಮಗೂಗೆ ತಗಳಾಕೆ ಬಂದಿದ್ರು ಅಕ್ಕಾ. ‘ಬೆರಕೆ ಇಲ್ಲ ಅಂತ ನಿಮಗೆ ಹೆಂಗೆ ಗೊತ್ತು?’ ಅಂದ್ರು. ನನ್ನ ಬಾಯೇ ಕಟ್ಟೋಯ್ತು. ನೀವೇ ನೋಡ್ರಿ.”

ನೋಡಿದೆ. ಚಕ್ಕುಲಿಯ ಸರದಿ ಬಂದಾಗ ಕುಲಾಂತರಿ ಗುರುತು ಸಿಕ್ಕರೆ ಮಾತ್ರ ಮೇಲೇರುವ ಪರದೆಯ ಗೆರೆ ಎದ್ದು ನಿಂತಿತು. ಹಿಟ್ಟುಗಳನ್ನು ಬೇರೆಬೇರೆಯಾಗಿ ನೋಡಿದರೆ ಜೋಳ ನಿರಪರಾಧಿ; ಗರಿಗರಿಯಾಗಲೆಂದು ಬೆರೆಸುತ್ತಿದ್ದ, ಎಲ್ಲಿಂದಲೋ ಬಂದ ಸೋಯಾ ಹಿಟ್ಟಿನಲ್ಲಿತ್ತು ಗುರುತು. ತಿಂದವರಿಗೆ ಕೇಡಾಗುತ್ತದೆಂದು ನಾನು ಹೇಳಲಾರೆ. ಆದರೆ ಬಾಯಿಗಿಡುವ ತುತ್ತು ಯಾವುದೆಂದು ತಿಳಿಸುವುದೂ ಉಣ್ಣುವವರಿಗೆ ಕೊಡುವ ಮರ್ಯಾದೆಯಲ್ಲವೇ?

ವಿಷಯ ತಿಳಿಸಲು ನಾನೇ ಹಿರಿಯೂರಿಗೆ ಹೋದೆ. ನೂರಿ ಒಲೆ ಆರಿಸಿದಳು. ಪೊಟ್ಟಣಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಅವಳ ಗಂಡ ರಫೀಕ್, “ಯಾರಿಗೂ ಗೊತ್ತಾಗಲ್ಲ, ಬಿಡೇ” ಎಂದ.

“ನನಗೆ ಗೊತ್ತಾತಲ್ರೀ” ಎಂದಳು ನೂರಿ.

ರಫೀಕ್ ಗೊಣಗುತ್ತಲೇ ಬೈಕು ಹೊರಡಿಸಿ, ಹೊಸದುರ್ಗದವರೆಗೂ ಹೋಗಿ ಪೊಟ್ಟಣಗಳನ್ನೆಲ್ಲ ವಾಪಸು ತಂದ. ಕಾರಣ ಹೇಳಿದಾಗ ಕೆಲವು ಅಂಗಡಿಯವರು ನಕ್ಕರಂತೆ. ಒಬ್ಬರು ಮಾತ್ರ, “ಸರಿ ಮಾಡ್ಕಂಡು ಬರ್ರಿ, ಜಾಗ ಖಾಲಿ ಇಟ್ಟಿರ್ತೀನಿ” ಎಂದರಂತೆ.

ಸೋಯಾ ಬಿಟ್ಟು, ತಾಳ್ಯ ಎಂಬ ಊರಿನಿಂದ ಕಡಲೆ ತರಿಸಿ ನೂರಿಯೇ ಮುಂದೆ ನಿಂತು ಬೀಸಿಸಿದಳು. ಮೊದಮೊದಲು ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಂಡಿತು. ಹದ ಸಿಕ್ಕಿದ ಮೇಲೆ ಮತ್ತೆ ನನ್ನಲ್ಲಿಗೆ ಕಳಿಸಿದಳು. ಈ ಸಲ ಗೆರೆ ಕೊನೆತನಕ ಏಳಲೇ ಇಲ್ಲ. ಏನೂ ಕಾಣದಿರುವುದನ್ನು ಕಣ್ತುಂಬ ನೋಡಿ, ಫೋನ್ ಮಾಡಿ ತಿಳಿಸಿದೆ.

ಆ ಕಡೆ ಉಸಿರು ಬಿಟ್ಟ ಸದ್ದು. “ಹಂಗಾರೆ ಎಣ್ಣೆ ಕಾಯಾಕಿಡ್ತೀನಕ್ಕಾ. ಆ ತಾಯಿ ಬಂದ್ರೆ ಈಗ ಮಾತಾಡಾಕೆ ನನ್ನತ್ರ ಬಾಯೈತೆ.”