ಗೋಡೆಯಾಚೆಗೆ ಎರಡು ಪಾದ

ಲಿಂಡ್ಸೆ ಟ್ರೆಗೆಂಝಾ ಅವರು ತಮ್ಮ ಬಿಳಿ ವ್ಯಾನನ್ನು ಮರ್ರೆ ನದಿಯ ದಂಡೆಗೆ ತಂದು ನಿಲ್ಲಿಸಿದ ದಿನ ನಾವು ಯಾರೂ ಎದ್ದು ಹೋಗಿ ಮಾತಾಡಿಸಲಿಲ್ಲ. ಅವರಿಗೆ ಪುರಸೊತ್ತಿರಲಿಲ್ಲ. ಕೈಯಲ್ಲಿ ನೆಲದ ವಾಟ ನೋಡುವ ರಸಮಟ್ಟ ಹಿಡಿದು ವ್ಯಾನಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಒಂದು ಚಕ್ರದಡಿ ಹಲಗೆ ತುರುಕುವರು, ರಸಮಟ್ಟ ಇಟ್ಟು ನೋಡುವರು, ತಲೆ ಅಲ್ಲಾಡಿಸಿ ಹಲಗೆಯನ್ನು ಇನ್ನೊಂದು ಚಕ್ರಕ್ಕೆ ಒಯ್ಯುವರು. ಅವರ ಹೆಂಡತಿ ಗ್ಲೆನಿಸ್ ಮಾತ್ರ ಮಡಚು ಕುರ್ಚಿ ಬಿಡಿಸಿ ಹೊಳೆಯ ಕಡೆ ಮುಖ ಮಾಡಿ ಕೂತು, ಮಾಂಸ, ಆಲೂಗಡ್ಡೆ ತುಂಬಿದ ಒಂದು ಪೇಸ್ಟಿ ಕಡುಬನ್ನು ತುದಿಯಿಂದ ಮುರಿದು ತಿನ್ನುತ್ತಿದ್ದಳು.

ಲಿಂಡ್ಸೆ ಅವರು ಯಾರ್ಕ್ ಪರ್ಯಾಯದ್ವೀಪದ ಒಂದು ಸಣ್ಣ ಊರಿನ ಕೌನ್ಸಿಲ್‌ನಲ್ಲಿ ಕಟ್ಟಡ ಇನ್‌ಸ್ಪೆಕ್ಟರ್ ಆಗಿದ್ದವರು. ಆ ಊರಿನ ಒಂದೊಂದು ಜಗಲಿ, ಒಂದೊಂದು ಮೆಟ್ಟಿಲು ಅವರ ಟೇಪಿನ ಕೆಳಗೆ ಹಾದುಬಂದದ್ದು. ನಮ್ಮ ಗುಂಪಿನ ಮರ್ವ್ ಕೂಡ ಅದೇ ಊರಿನವನು. ಅವನು ಪ್ರೀತಿಯಿಂದ ಕಟ್ಟಿದ ಕಾರ್ ಶೆಡ್ಡು ಪಕ್ಕದವರ ಬೇಲಿಗೆ ಒಂದು ಗೇಣು ಹತ್ತಿರ ಬಂತು ಅಂತ ಇದೇ ಲಿಂಡ್ಸೆ ಅವರು ಕೆಡವಿಸಿದ್ದರು.

"ಬಂದ ನೋಡ್ರಪ್ಪಾ," ಅಂದ ಮರ್ವ್, ಬಿಯರ್ ಡಬ್ಬಿ ತೆರೆಯುತ್ತ. "ಇನ್ನು ಹೊಳೆ ಸರಿಯಾದ ಜಾಗದಲ್ಲಿ ಹರೀತಿದೆಯೋ ಇಲ್ವೋ ಅಂತಾನೂ ಅಳೀತಾನೆ."

ನಮ್ಮದು ಮನೆ ಬಿಟ್ಟು ವ್ಯಾನಲ್ಲೇ ಸಂಸಾರ ಹೂಡಿದವರ ಗುಂಪು. ಹೊಸಬರು ಇಲ್ಲಿಯ ಚಳಿಗಾಲ ತಪ್ಪಿಸಿಕೊಂಡು ಉತ್ತರದ ಬಿಸಿಲಿಗೆ ಹೊರಡುವ ಮುಂಚೆ ಈ ದಂಡೆಯಲ್ಲಿ ಒಂದಷ್ಟು ದಿನ ನಿಂತು, ಈ ಬಾಳು ಮೈಗೆ ಒಗ್ಗುತ್ತದೋ ಇಲ್ಲವೋ ನೋಡಿಕೊಳ್ಳುತ್ತಾರೆ. ಒಗ್ಗದವರು ಮನೆಗೆ ಹೋಗಿ, ಊಟದ ಮೇಜಿನ ಮುಂದೆ ಕೂತು ನಮ್ಮ ಬಗ್ಗೆ ಕನಿಕರಪಡುತ್ತಾರೆ. ಲಿಂಡ್ಸೆ ದಂಪತಿಗಳ ಮನೆಯೂ ಇನ್ನೂ ಹಾಗೇ ಇತ್ತು. ಬಾಡಿಗೆಗೆ ಒಂದು ಕುಟುಂಬ ಕಾದಿತ್ತು. ಏಜೆಂಟು ಬುಧವಾರ ಬೆಳಗ್ಗೆ ಫೋನ್ ಮಾಡುತ್ತೇನೆ, ಹೌದೋ ಅಲ್ಲವೋ ಆಗ ಹೇಳಿ ಅಂದಿದ್ದ. ಹೌದು ಅಂದರೆ ಮನೆಯ ಕೀ ಬೇರೆಯವರಿಗೆ. ಅಲ್ಲ ಅಂದರೆ ಇವರು ವಾಪಸ್ಸು.

ಈ ವ್ಯಾನಿನ ಹುಚ್ಚು ಹಿಡಿದದ್ದು ಲಿಂಡ್ಸೆ ಅವರಿಗೆ. ಖಾಲಿ ಸರಕು ವ್ಯಾನು ತಂದು, ನಕ್ಷೆ ಬರೆದು, ಆ ನಕ್ಷೆಗೆ ತಾವೇ ಮಂಜೂರಾತಿ ಕೊಟ್ಟುಕೊಂಡು, ಮಂಚ, ಒಲೆ, ಕಪಾಟು ಎಲ್ಲ ಸ್ವಂತ ಕೈಯಿಂದ ಕೂರಿಸಿದ್ದರು. ಗ್ಲೆನಿಸ್ ಅರೆಮನಸ್ಸಿನಿಂದ ಹತ್ತಿದವಳು. ಆದರೆ ದಂಡೆಗೆ ಬಂದು ನಾಲ್ಕು ದಿನ ಆಗುವಷ್ಟರಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಬೆಳಗ್ಗೆ ಅವಳು ಕೆನ್ನೆಯ ಮೇಲೆ ದಿಂಬಿನ ಗೆರೆ ಹೊತ್ತು, ಹಾಡು ಗುನುಗುತ್ತ ಇಳಿದು ಬರುವಳು. ಅವರು ನಿದ್ದೆಗೆಟ್ಟ ಕೆಂಪು ಕಣ್ಣು ಬಿಟ್ಟುಕೊಂಡು, ಸೊಂಟ ಹಿಡಿದು ಇಳಿಯುವರು. ಮೊದಲ ದಿನ ನೆಲ ವಾಟವಾಗಿದೆ ಅಂದರು. ವ್ಯಾನನ್ನು ಆ ಮರದಡಿಯಿಂದ ಈ ಮರದಡಿಗೆ ತಂದರು. ಮಾರನೇ ದಿನ ಕಪ್ಪೆಗಳ ಗಲಾಟೆ ಅಂದರು. ಆಮೇಲೆ ಹಾಸಿಗೆ ಕಂಪನಿಯವನು ಮೋಸ ಮಾಡಿದ್ದಾನೆ ಅಂದರು. ಶನಿವಾರ ಸೌದೆ ಆರಿಸುವಾಗ ಹೆಂಡತಿಯ ಹತ್ತಿರ ಬಹಳ ಮೃದುವಾಗಿ ಮಾತು ತೆಗೆದರು.

"ಗ್ಲೆನಿಸ್, ನಿನಗೆ ಕಷ್ಟ ಆಗ್ತಿದೆ ಅಂತ ನಂಗೊತ್ತು. ನನಗೋಸ್ಕರ ನೀನು ಸಹಿಸ್ಕೋಬೇಡ. ಮನೆಗೆ ಹೋಗೋಣ."

"ನಂಗಾ? ತಲೆ ಇಟ್ಟರೆ ಬೆಳಗ್ಗೇನೇ ನಾನು ಏಳೋದು. ಇಷ್ಟು ವರ್ಷ ಆ ಮನೇಲಿ ಒಂದು ದಿನಾನೂ ಹೀಗೆ ನಿದ್ದೆ ಮಾಡಿರ್ಲಿಲ್ಲ. ನಂಗೆ ಹೋಗೋಕೆ ಇಷ್ಟ ಇಲ್ಲ, ಲಿಂಡ್ಸೆ. ನಿಂಗೇನಾಗಿದೆ, ಅದನ್ನ ಹೇಳು."

"ನಂಗೇನೂ ಆಗಿಲ್ಲ," ಅಂದು ಅವರು ಸೌದೆಯನ್ನು ಉದ್ದದ ಪ್ರಕಾರ ಜೋಡಿಸತೊಡಗಿದರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ದಿನಾ ಸಂಜೆ ಎಲ್ಲರೂ ತಮ್ಮ ತಮ್ಮ ಕುರ್ಚಿ, ತಮ್ಮ ತಮ್ಮ ಲೋಟ ತಂದು ಬೆಂಕಿಯ ಸುತ್ತ ಕೂರುವುದು. ಹೊಸಬರು ಬಂದ ಮೊದಲ ಭಾನುವಾರ ಕುರ್ಚಿಗಳೆಲ್ಲ ಅವರ ವ್ಯಾನಿನ ಮುಂದೆ. ಅವರು ಬಾಗಿಲು ತೆರೆದು ಎಲ್ಲ ತೋರಿಸಬೇಕು. ತೋರಿಸಿದ ಮೇಲೆ, ಕಟ್ಟುವಾಗ ತಾವು ಮಾಡಿದ ತಪ್ಪು ಯಾವುದು ಅಂತ ಹೇಳಬೇಕು. ತಪ್ಪಿಲ್ಲದ ವ್ಯಾನು ಇಲ್ಲ. ಡಲ್ಸಿ ಅನ್ನುವ ಮುದುಕಿ ತನ್ನ ಒಲೆಯನ್ನು ಎಂಥ ಜಾಗದಲ್ಲಿ ಕೂರಿಸಿದ್ದಾಳೆಂದರೆ, ಚಹಾ ಕಾಯಿಸುವಾಗ ಗಂಡ ಒಳಗಿದ್ದರೆ ಒಳಗೇ, ಹೊರಗಿದ್ದರೆ ಹೊರಗೇ. ಮರ್ವ್ ನೀರಿನ ತೊಟ್ಟಿ ಭದ್ರಮಾಡಿ, ಸುತ್ತ ಹಲಗೆ ಹೊಡೆದು, ಬಣ್ಣ ಬಳಿದು ಮುಗಿಸಿದ ಮೇಲೆ ನೀರು ತುಂಬುವ ಬಾಯಿ ಒಳಗೇ ಉಳಿದದ್ದನ್ನು ಕಂಡುಕೊಂಡವನು. ಇದನ್ನೆಲ್ಲ ಕೇಳಿ ನಕ್ಕ ಮೇಲೇ ನಮ್ಮಲ್ಲಿ ಒಬ್ಬರಿಗೊಬ್ಬರು ಸಲಕರಣೆ ಕೊಡುವುದು, ತಗೊಳ್ಳುವುದು ಶುರುವಾಗುವುದು.

ಆ ಭಾನುವಾರ ಲಿಂಡ್ಸೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲು ತೆರೆದರು. ಒಳಗೆ ನೋಡಿದರೆ ನಮಗೆ ನಾಚಿಕೆಯಾಗಬೇಕು, ಅಷ್ಟು ಅಚ್ಚುಕಟ್ಟು. ಗೋಡೆಯೊಳಗೆ ಚಳಿ ತಡೆಯಲು ದಪ್ಪಗೆ ಉಣ್ಣೆ ತುಂಬಿಸಿ, ಮೇಲೆ ಪ್ಲೈವುಡ್ ಹೊದಿಸಿದ್ದರು. ಒಂದು ಮೊಳೆಯ ತಲೆಯೂ ಕಾಣುತ್ತಿರಲಿಲ್ಲ. ಹಿಂಭಾಗದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಅಡ್ಡಲಾಗಿ ಮಂಚ. ನಿಯಮ, ಕಲಮು, ಉಪಕಲಮುಗಳನ್ನೆಲ್ಲ ವಿವರಿಸಿ ಅವರು ಮಾತು ಮುಗಿಸುವ ಹೊತ್ತಿಗೆ ಮರ್ವ್ ಎರಡನೇ ಬಿಯರ್ ಮುಗಿಸಿದ್ದ.

"ಚೆನ್ನಾಗಿದೆ," ಅಂದಳು ಡಲ್ಸಿ. "ಈಗ ತಪ್ಪು ಹೇಳಪ್ಪಾ."

"ತಪ್ಪು ಏನೂ ಇಲ್ಲ," ಅಂದರು ಲಿಂಡ್ಸೆ.

ಬೆಂಕಿ ಚಟಪಟ ಅಂತು. ಈ ದಂಡೆಯಲ್ಲಿ ಅಂಥ ಉತ್ತರವನ್ನು ನಾವು ಕೇಳಿರಲಿಲ್ಲ. ಮರ್ವ್ ಕುರ್ಚಿಯಿಂದ ಏಳುವುದರಲ್ಲಿದ್ದ. ಅಷ್ಟರಲ್ಲಿ ಗ್ಲೆನಿಸ್ ಲೋಟ ಕೆಳಗಿಟ್ಟಳು.

"ಲಿಂಡ್ಸೆ, ಹತ್ತಿ ಮಲಕ್ಕೋ."

"ಏನು?"

"ಮಂಚದ ಮೇಲೆ. ಕಾಲು ಚಾಚಿ ಮಲಕ್ಕೋ. ಎಲ್ಲಾರೂ ನೋಡ್ಲಿ."

"ಈಗ ಯಾಕೆ, ಜನ ಇರುವಾಗ..."

"ಬುಧವಾರ ಆ ಏಜೆಂಟಿಗೆ ನಾನು ಏನು ಹೇಳ್ಬೇಕು? ನೀನು ಹೋಗೋಣ ಅಂತೀಯ, ಯಾಕೆ ಅಂತ ಹೇಳಲ್ಲ. ಇಲ್ಲೇ ಇರ್ಬೇಕು ಅಂತ ನಂಗೆ ಆಸೆ ಇದೆ. ಹತ್ತು."

ಲಿಂಡ್ಸೆ ಅವರು ಬೂಟು ಬಿಚ್ಚಿ, ಎರಡನ್ನೂ ಸಮನಾಗಿ ಇಟ್ಟು, ಮೇಲೆ ಹತ್ತಿ ಮಲಗಿದರು. ತಲೆ ಒಂದು ಗೋಡೆಗೆ ತಾಗಿತು. ಕಾಲು ಚಾಚಿದರು, ಚಾಚಲಿಕ್ಕೆ ಆಗಲಿಲ್ಲ. ಮೊಣಕಾಲು ಎರಡೂ ಗುಡಾರದ ಕಂಬದ ಹಾಗೆ ಮೇಲೆದ್ದವು.

"ಖಾಲಿ ವ್ಯಾನು ತಂದ ದಿನ ಇದೇ ಜಾಗದಲ್ಲಿ ಮಲಗಿ ನೋಡಿದ್ದೆ," ಅಂದರು ಮೊಣಕಾಲಿನ ಹಿಂದಿನಿಂದ. "ತಗಡಿನಿಂದ ತಗಡಿಗೆ ಸರಿಯಾಗಿ ಹಿಡಿದಿತ್ತು. ಆಮೇಲೆ ಉಣ್ಣೆ ತುಂಬಿದೆ. ಎರಡೂ ಕಡೆ." ಚಾವಣಿ ನೋಡುತ್ತ, "ಉಣ್ಣೆಯನ್ನ ನಕ್ಷೆಗೆ ಸೇರಿಸಿರ್ಲಿಲ್ಲ," ಅಂದರು.

ಮೊದಲು ನಕ್ಕದ್ದು ಗ್ಲೆನಿಸ್. ಆಮೇಲೆ ಡಲ್ಸಿ. ಆಮೇಲೆ ಹೊಳೆಯ ಆಚೆ ದಡದ ಕೊಕ್ಕರೆಗಳು ಎದ್ದು ಹಾರುವಷ್ಟು ನಾವೆಲ್ಲ. ನಗದಿದ್ದವನು ಮರ್ವ್ ಒಬ್ಬನೇ. ಅವನು ಹತ್ತಿರ ಹೋಗಿ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ.

"ಒಂದು ಗೇಣು, ಇನ್‌ಸ್ಪೆಕ್ಟರ್ ಸಾಹೇಬ್ರೇ," ಅಂದ. "ನನ್ನ ಶೆಡ್ಡಿನಷ್ಟೇ."

"ಕೆಡವಬೇಕು," ಅಂದರು ಲಿಂಡ್ಸೆ. ನ್ಯಾಯ ನ್ಯಾಯವೇ ಅನ್ನುವ ದನಿ. "ಮಂಚ ಉದ್ದಕ್ಕೆ ತಿರುಗಿಸ್ಬೇಕಾದ್ರೆ ಒಲೆ, ಕಪಾಟು ಎಲ್ಲ ಕೀಳಬೇಕು. ನಂಗೆ ಮತ್ತೆ ಕಟ್ಟೋ ಚೈತನ್ಯ ಇಲ್ಲ."

"ಕೆಡವೋದು ನಿಮಗೆ ಅಭ್ಯಾಸ. ಸುಮ್ನೆ ಮಲಗಿರಿ."

ಉಪಾಯ ಗ್ಲೆನಿಸ್‌ದು. ನಮ್ಮ ಕಡೆ ಹೊಲದ ಗೇಟಿನಲ್ಲಿ ಎಣ್ಣೆ ಡಬ್ಬ ಅಡ್ಡ ಮಲಗಿಸಿ, ಮುಂದುಗಡೆ ಕೊಯ್ದು ಅಂಚೆ ಪೆಟ್ಟಿಗೆ ಮಾಡುತ್ತಾರಲ್ಲ, ಅಂಥದ್ದೊಂದು ಅವಳ ಕಣ್ಣಿಗೆ ಬಿದ್ದಿತ್ತು. ದಂಡೆಯ ಮೇಲಿನ ಪಾಳು ಗೇಟಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಕಾಗದ ಹಿಡಿಸುವ ಡಬ್ಬದಲ್ಲಿ ಪಾದ ಹಿಡಿಸುವುದಿಲ್ಲವೇ ಅಂತ ಕೇಳಿದಳು. ಸೋಮವಾರ ಮರ್ವ್ ಕೊಯ್ಯುವ ಮೆಷಿನ್ನು ತಂದ. ಆ ನುಣುಪಾದ ಪ್ಲೈವುಡ್ಡಿಗೆ ಅಲಗು ತಾಗಿದಾಗ ಲಿಂಡ್ಸೆ ಅವರು ಹೊಳೆಯ ಕಡೆ ತಿರುಗಿ ನಿಂತರು. ಮಂಚದ ಕಾಲುಗಡೆಯ ಗೋಡೆಯಲ್ಲಿ ದುಂಡನೆಯ ಕಿಂಡಿ, ಅದರ ಹೊರಗೆ ಬಿಗಿದ ಡಬ್ಬ, ಡಬ್ಬದೊಳಗೆ ಗೋಡೆಯಿಂದ ಕಿತ್ತ ಅದೇ ಉಣ್ಣೆ. ಮಂಗಳವಾರ ಗ್ಲೆನಿಸ್ ಅದಕ್ಕೆ ನೀಲಿ ಬಣ್ಣ ಬಳಿದು ತಮ್ಮ ಮನೆಯ ನಂಬರು ಬರೆದಳು. ಲಿಂಡ್ಸೆ ಅವರು ಟೇಪು ತಂದು ಡಬ್ಬ ಎಷ್ಟು ಹೊರಚಾಚಿದೆ ಅಂತ ಅಳೆದರು.

"ಪಾಸಾ?" ಅಂದ ಮರ್ವ್.

"ಷರತ್ತುಬದ್ಧ," ಅಂದರು ಅವರು. ಆಮೇಲೆ, ಬಹಳ ಕಷ್ಟಪಟ್ಟು, "ಆ ಶೆಡ್ಡು ನೋಡೋಕೆ ಲಕ್ಷಣವಾಗಿತ್ತು, ಮರ್ವ್."

"ಲಕ್ಷಣವಾಗಿತ್ತು ಮಾರಾಯಾ," ಅಂದ ಮರ್ವ್, ಮೆಷಿನ್ನು ಒರೆಸುತ್ತ.

ಬುಧವಾರ ಬಿಸಿಲು ಮರದ ನೆತ್ತಿಗೆ ಬಂದರೂ ಬಿಳಿ ವ್ಯಾನಿನ ಬಾಗಿಲು ತೆರೆದಿರಲಿಲ್ಲ. ನೀಲಿ ಡಬ್ಬದ ಮೇಲೆ ಮ್ಯಾಗ್‌ಪೈ ಹಕ್ಕಿಯೊಂದು ಕೂತು ಟಕಟಕ ಕುಕ್ಕುತ್ತಿತ್ತು. ಒಳಗಿನಿಂದ ಪಾದ ಒದೆಯಲೂ ಇಲ್ಲ. ಗ್ಲೆನಿಸ್ ಹೊರಗೆ ಕುರ್ಚಿಯಲ್ಲಿ ಚಹಾ ಹಿಡಿದು ಕೂತಿದ್ದಾಗ ಫೋನು ಬಡಿದುಕೊಂಡಿತು. ಅವಳು ಎದ್ದು, ವ್ಯಾನಿನಿಂದ ದೂರ, ನೀರಿನ ಅಂಚಿನವರೆಗೆ ನಡೆದುಹೋಗಿ ಪಿಸುದನಿಯಲ್ಲಿ ಮಾತಾಡಿದಳು.

"ಜೋರಾಗಿ ಮಾತಾಡಕ್ಕಾಗಲ್ಲ ಕಣಪ್ಪಾ, ಅವರು ಮಲಗಿದ್ದಾರೆ. ಕೀ ಕೊಟ್ಟುಬಿಡು."